ಹೆಬ್ಬೆಟ್ಟಿನ ಅಜ್ಜಿಯ ನೆನಪಿಗೆ ಅಂಕ ಕೊಡುವುದು ಹೇಗೆ?

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಅಂದರೆ ನಮಗೆಲ್ಲ ಮಾವಿನಹಣ್ಣು. ಮರೆವಿನ ಕಾಯಿಲೆಯ ಸಂಶೋಧಕರಿಗೆ ಆ ಹೆಸರು ಇನ್ನೊಂದು ಕಾರಣಕ್ಕೆ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಆ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ವರ್ಷ ದಾಟಿದ 10,000 ಮಂದಿಯನ್ನು ಸೇರಿಸಿಕೊಂಡು, ಅವರನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗಬೇಕೆಂಬುದು ಗುರಿ. ವಯಸ್ಸಾದಂತೆ ಯಾರ ಬುದ್ಧಿ ಗಟ್ಟಿಯಾಗಿ ಉಳಿಯುತ್ತದೆ, ಯಾರದು ಕುಂದುತ್ತದೆ, ಯಾಕೆ ಎಂಬುದು ಅವರ ಪ್ರಶ್ನೆ. ಪಟ್ಟಣದವರ ಜೊತೆ ಹೋಲಿಸಿ ನೋಡಲು ಬೆಂಗಳೂರಿನಲ್ಲೇ ಟಾಟಾ ಟ್ರಸ್ಟ್ಸ್ ನೆರವಿನ ಇನ್ನೊಂದು ಸಣ್ಣ ಅಧ್ಯಯನವೂ ಇದೆ.

ದೇಶದ ಮಟ್ಟದಲ್ಲಿ ಇದಕ್ಕಿಂತ ದೊಡ್ಡದು ಲಾಸಿ ಎಂದು ಕರೆಯುವ ಸಮೀಕ್ಷೆ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮುಂದಾಳತ್ವ ವಹಿಸಿದ ಇದರ ಮೊದಲ ಸುತ್ತು 2017–18ರಲ್ಲಿ ನಡೆಯಿತು. 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರ ಮನೆಬಾಗಿಲಿಗೆ ಹೋಗಿ ಆರೋಗ್ಯ, ಆದಾಯ, ಓದು, ಕುಟುಂಬ ಎಲ್ಲವನ್ನೂ ಕೇಳಿದರು.

ಇಂಥ ತಂಡ ನಿಮ್ಮ ಮನೆಗೂ ಬರಬಹುದು. ಬಂದವರು ಅಜ್ಜಿಯನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಒಂದಿಷ್ಟು ಪ್ರಶ್ನೆ ಕೇಳಿ, ರಕ್ತ ತೆಗೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ, ಅದರಿಂದ ಯಾರಿಗೆ ಏನು ತಿಳಿಯಿತು ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಯಂತ್ರಗಳದ್ದಲ್ಲ, ವಂಶವಾಹಿಗಳದ್ದೂ ಅಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಶಾಲೆಯಲ್ಲಿ ಹುಟ್ಟಿದ ಪರೀಕ್ಷೆಯನ್ನು ಕೊಡುವುದು. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಮೂವತ್ತು ಅಂಕದ ಲೆಕ್ಕ

ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಮರೆವಿನ ಪರೀಕ್ಷೆಯನ್ನು 1975ರಲ್ಲಿ ಅಮೆರಿಕದ ಮನೋವೈದ್ಯ ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಜೊತೆಗಾರರು ಪ್ರಕಟಿಸಿದರು. ಎಂಎಂಎಸ್ಇ ಎಂದು ವೈದ್ಯರು ಕರೆಯುವುದು ಇದನ್ನೇ. ಒಟ್ಟು 30 ಅಂಕ, ಹತ್ತು ಹದಿನೈದು ನಿಮಿಷದ ಕೆಲಸ. ಇವತ್ತು ಯಾವ ವಾರ, ಯಾವ ತಾರೀಖು, ಯಾವ ತಿಂಗಳು, ಯಾವ ಇಸವಿ, ಈಗ ಎಲ್ಲಿ ಕೂತಿದ್ದೀರಿ ಎಂಬಂಥ ಪ್ರಶ್ನೆಗಳಿಗೆ 10. ಮೂರು ಪದ ಕೇಳಿಸಿಕೊಂಡು ಕೂಡಲೇ ಹೇಳಿದರೆ 3. ನೂರರಿಂದ ಏಳು ಕಳೆದು, ಬಂದದ್ದರಿಂದ ಮತ್ತೆ ಏಳು ಕಳೆದು, ಹೀಗೆ ಐದು ಸಲ ಕಳೆದರೆ 5. ಮೊದಲಿನ ಮೂರು ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಂಡರೆ 3. ಉಳಿದ 9 ಅಂಕ ಮಾತಿಗೆ, ಓದಿಗೆ, ಬರಹಕ್ಕೆ, ಚಿತ್ರಕ್ಕೆ: ಪೆನ್ನು ಗಡಿಯಾರಗಳ ಹೆಸರು ಹೇಳುವುದು, ಒಂದು ಮಾತನ್ನು ಹಾಗೇ ತಿರುಗಿ ಹೇಳುವುದು, ಕಾಗದ ತೆಗೆದುಕೊಂಡು ಮಡಚಿ ಇಡುವುದು, ಬರೆದದ್ದನ್ನು ಓದಿ ಅದರಂತೆ ಮಾಡುವುದು, ಒಂದು ವಾಕ್ಯ ಬರೆಯುವುದು, ಒಂದರ ಮೇಲೊಂದು ಹಾದುಹೋಗುವ ಎರಡು ಪಂಚಭುಜಗಳನ್ನು ನೋಡಿ ಬರೆಯುವುದು.

24ಕ್ಕಿಂತ ಕಡಿಮೆ ಬಂದರೆ ಅನುಮಾನಿಸಬೇಕು ಎಂಬುದು ಬಹುಕಾಲದ ವಾಡಿಕೆ.

ಈಗ ಎಪ್ಪತ್ತೈದು ವರ್ಷದ, ಅಕ್ಷರ ಬಾರದ ಒಬ್ಬ ಅಜ್ಜಿಯನ್ನು ಎದುರಿಗೆ ಕೂರಿಸಿಕೊಳ್ಳಿ. ನೆನಪು ನಿಚ್ಚಳವಾಗಿದೆ, ಸಂಬಂಧಿಕರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರೆಂಬುದು ಈಗಲೂ ಬಾಯಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಓದಿ ಮಾಡುವ 1 ಅಂಕ ಹೋಯಿತು. ಬರೆಯುವ 1 ಹೋಯಿತು. ಜೀವನದಲ್ಲಿ ಪೆನ್ಸಿಲ್ ಹಿಡಿದವರಲ್ಲ, ಹಾಗಾಗಿ ಚಿತ್ರದ 1 ಹೋಯಿತು. ಕಾಗದದ ಮೇಲಿನ ಕಳೆಯುವ ಲೆಕ್ಕ ಕಲಿತಿಲ್ಲ, 5 ಹೋಯಿತು. ಉಳಿದದ್ದೆಲ್ಲ ಸರಿ ಹೇಳಿದರೂ ಸಿಗುವುದು 22. ಅಂದರೆ ಕಾಯಿಲೆ ಏನೇನೂ ಇಲ್ಲದ ಹೆಂಗಸು ಕಾಗದದಲ್ಲಿ ಅನುಮಾನದ ಪಟ್ಟಿಗೆ ಸೇರಿದರು. ಇನ್ನೊಂದನ್ನೂ ಗಮನಿಸಿ: ಶಾಲೆಗೆ ಹೋಗಿದ್ದಕ್ಕೆ ಸಿಗುವ ಅಂಕ 8, ಹೊತ್ತು ಕಳೆದ ಮೇಲೆ ನೆನಪಿಸಿಕೊಂಡದ್ದಕ್ಕೆ ಸಿಗುವ ಅಂಕ ಬರೀ 3. ನೆನಪಿನ ಪರೀಕ್ಷೆ ಎಂದು ಹೆಸರು, ಕಾಲು ಪಾಲಿಗೂ ಹೆಚ್ಚು ಸ್ಲೇಟು ಬಳಪದ ಪರೀಕ್ಷೆ.

ಇದರ ತದ್ವಿರುದ್ಧವೂ ಆಗುತ್ತದೆ. ನಿವೃತ್ತ ಮೇಷ್ಟ್ರೊಬ್ಬರಿಗೆ ಕಾಯಿಲೆ ಶುರುವಾಗಿ ಮನೆಯವರಿಗೆ ಗೊತ್ತಾಗುವಷ್ಟು ಮುಂದುವರಿದಿದ್ದರೂ, ಕೂಡಿ ಕಳೆಯುವುದು, ಓದು ಬರಹ ಕೈಗೆ ಕೂತುಬಿಟ್ಟಿರುವುದರಿಂದ 27 ಬಂದು, ಎಲ್ಲ ಸರಿ ಇದೆ ಎಂಬ ತೀರ್ಮಾನವಾಗಬಹುದು.

ಈ ತೊಡಕನ್ನು ನಮ್ಮ ದೇಶದಲ್ಲಿ ಮೊದಲು ಗಟ್ಟಿಯಾಗಿ ಎದುರಿಸಿದ್ದು ಹರಿಯಾಣದ ಬಲ್ಲಭಗಡದಲ್ಲಿ. ಅಲ್ಲಿ 1990ರ ದಶಕದಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಒಟ್ಟಾಗಿ ಹಳ್ಳಿಯ ಹಿರಿಯರ ಅಧ್ಯಯನ ನಡೆಸಿದರು. ಅಧ್ಯಯನಕ್ಕೆ ಸೇರಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಮನೋವೈದ್ಯೆ ಮೇರಿ ಗಂಗೂಲಿ ಮತ್ತು ಸಂಗಡಿಗರು ಪರೀಕ್ಷೆಯನ್ನೇ ಬಿಚ್ಚಿ ಮತ್ತೆ ಕಟ್ಟಿದರು. 1995ರಲ್ಲಿ ಅದರ ಹಿಂದಿ ರೂಪ ಹೊರಬಂತು. ‘ಇದನ್ನು ಓದಿ ಹಾಗೆ ಮಾಡಿ’ ಎಂಬುದು ‘ನನ್ನನ್ನು ನೋಡಿ, ನಾನು ಮಾಡಿದ ಹಾಗೆ ಮಾಡಿ’ ಎಂದಾಯಿತು. ‘ಒಂದು ವಾಕ್ಯ ಬರೆಯಿರಿ’ ಎಂಬುದು ‘ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ’ ಎಂದಾಯಿತು. ಪ್ರಶ್ನೆ ಅಳೆಯುತ್ತಿದ್ದದ್ದು ಅದನ್ನೇ, ಪೂರ್ತಿ ಅರ್ಥವಿರುವ ಒಂದು ಮಾತನ್ನು ಸ್ವಂತವಾಗಿ ಕಟ್ಟುವ ಶಕ್ತಿಯನ್ನು. ಅದಕ್ಕೆ ಕಾಗದ ಬೇಕಿರಲಿಲ್ಲ.

ಕನ್ನಡಕ್ಕೂ ಇಂಥದ್ದು ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಒಂದು ಪರೀಕ್ಷಾ ಗುಚ್ಛವನ್ನು ಸಿದ್ಧಪಡಿಸಿದೆ. ಇಂಥ ಕೆಲಸದಲ್ಲಿ ಅನುವಾದ ಅತಿ ಚಿಕ್ಕ ಭಾಗ. ನೆನಪಿಟ್ಟುಕೊಳ್ಳಲು ಕೊಡುವ ಪದಗಳು ಆ ಭಾಷೆಯಲ್ಲಿ ಎಷ್ಟು ಬಳಕೆಯಲ್ಲಿವೆ, ಎಷ್ಟು ಅಕ್ಷರ ಉದ್ದ, ಒಂದು ಪದ ಇನ್ನೊಂದನ್ನು ನೆನಪಿಸುತ್ತದೆಯೇ ಎಂದೆಲ್ಲ ನೋಡಬೇಕು. ತಾರೀಖು ಇಸವಿ ತಿಳಿಯದ ಹಿರಿಯರು ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ, ಸಂತೆ ಯಾವ ವಾರ, ಬರುವ ಹಬ್ಬ ಯಾವುದು ಎಂಬುದನ್ನು ತಟ್ಟನೆ ಹೇಳುತ್ತಾರೆ. ‘ನೂರರಲ್ಲಿ ಏಳು ಕಳೆಯಿರಿ’ ಎಂದರೆ ಸುಮ್ಮನಾಗುವವರು ‘ಕಟ್ಟು ಸೊಪ್ಪಿಗೆ ಏಳು ರೂಪಾಯಿ, ನೂರು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕಮ್ಮ?’ ಎಂದರೆ ಬಾಯಿ ಮುಚ್ಚುವ ಮೊದಲೇ ಉತ್ತರ ಕೊಡುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂಬ ಪರೀಕ್ಷೆ ಇನ್ನೊಂದು. ಇದಕ್ಕೆ ಓದು ಬೇಡವೆಂದು ಕಾಣುತ್ತದೆ. ಆದರೂ ಓದಿದವರೇ ಸರಾಸರಿಯಲ್ಲಿ ಹೆಚ್ಚು ಹೇಳುತ್ತಾರೆ. ಗುಂಪು ಮಾಡಿ ಪಟ್ಟಿ ಒಪ್ಪಿಸುವ ಅಭ್ಯಾಸವೇ ಶಾಲೆಯ ಕೊಡುಗೆ. ಆದ್ದರಿಂದಲೇ ಅಂಕವನ್ನು ಅದೇ ವಯಸ್ಸಿನ, ಅಷ್ಟೇ ಓದಿನ ಆರೋಗ್ಯವಂತರ ಅಂಕದ ಜೊತೆ ಮಾತ್ರ ಹೋಲಿಸಬೇಕು.

ಪರೀಕ್ಷೆ ನಡೆಸುವ ಹುಡುಗಿಗೆ ತರಬೇತಿಯಲ್ಲಿ ಹೇಳಿಕೊಡುವ ವಿಷಯಗಳು ಕೇಳಲು ಸಣ್ಣವು. ಮೊದಲು ಕನ್ನಡಕ ಹಾಕಿಸಿ. ಕಿವಿ ಕೇಳಿಸುತ್ತದೆಯೇ ನೋಡಿಕೊಳ್ಳಿ. ಪದ ಕಿವಿಗೇ ಬೀಳದಿದ್ದರೆ ನೆನಪಿಗೆ ಬರುವುದೆಲ್ಲಿಂದ? ಮನೆಮಾತಿನಲ್ಲೇ ಕೇಳಿ. ಕೋಲಾರದ ಆ ಭಾಗದಲ್ಲಿ ತೆಲುಗು ಆಡುವ ಮನೆಗಳು ಬೇಕಾದಷ್ಟಿವೆ. ಎಲ್ಲಕ್ಕಿಂತ ಕಷ್ಟದ್ದು, ಪಕ್ಕದಲ್ಲಿ ಕೂತವರ ಬಾಯಿ ಕಟ್ಟುವುದು. ‘ಯಾವ ತಿಂಗಳಜ್ಜಿ?’ ಎಂದರೆ ಮೊಮ್ಮಗ ಮುಂದಾಗಿ ಉತ್ತರ ಹೇಳುತ್ತಾನೆ, ಸೊಸೆ ‘ಅಯ್ಯೋ ಅತ್ತೆ, ನಿನ್ನೆ ತಾನೆ ಹೇಳಿದ್ನಲ್ಲ’ ಎನ್ನುತ್ತಾಳೆ, ಅಜ್ಜಿ ನಾಚಿ ‘ನಂಗೇನೂ ಗೊತ್ತಾಗಲ್ಲ ಬಿಡಮ್ಮ’ ಎಂದು ಎದ್ದುಬಿಡುತ್ತಾರೆ. ಆ ಮುಜುಗರಕ್ಕೂ ಹಾಳೆಯ ಮೇಲೆ ಸೊನ್ನೆ ಬೀಳುತ್ತದೆ. ಕಾಯಿಲೆಯ ಸೊನ್ನೆಗೂ ನಾಚಿಕೆಯ ಸೊನ್ನೆಗೂ ಕಂಪ್ಯೂಟರಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಸೊಸೆಯನ್ನು ಕೇಳಿ

ಅಂಕ ಕಡಿಮೆ ಬಂದ ಮಾತ್ರಕ್ಕೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ ಎಂದಾಗುವುದಿಲ್ಲ. ಮೊದಲಿದ್ದ ಬುದ್ಧಿಶಕ್ತಿ ಕುಂದಿರಬೇಕು, ಅದರಿಂದ ದಿನನಿತ್ಯದ ಬದುಕಿಗೆ ಅಡ್ಡಿಯಾಗಿರಬೇಕು. ಎರಡನ್ನೂ ಹೇಳಬಲ್ಲವರು ಜೊತೆಯಲ್ಲಿ ಬದುಕಿದವರು. ಹಾಗಾಗಿ ತಂಡ ಮನೆಯವರೊಬ್ಬರನ್ನು ಬೇರೆ ಕೂರಿಸಿ ಮಾತಾಡಿಸುತ್ತದೆ: ಹತ್ತು ವರ್ಷದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ?

ಇಲ್ಲಿ ನಮ್ಮ ಕುಟುಂಬದ ರೀತಿಯೇ ಒಂದು ತೊಡಕು. ಪಶ್ಚಿಮದ ಪ್ರಶ್ನಾವಳಿ ಕೇಳುವುದು ಬ್ಯಾಂಕಿನ ವ್ಯವಹಾರ ಸ್ವಂತವಾಗಿ ಮಾಡುತ್ತಾರೆಯೇ, ಒಬ್ಬರೇ ಗಾಡಿ ಓಡಿಸುತ್ತಾರೆಯೇ, ಅಡುಗೆ ಮಾಡಿಕೊಳ್ಳುತ್ತಾರೆಯೇ ಎಂದು. ನಮ್ಮಲ್ಲಿ ಸೊಸೆ ಬಂದ ಮೇಲೆ ಅತ್ತೆ ಒಲೆ ಮುಟ್ಟದಿದ್ದರೆ ಅದು ಕಾಯಿಲೆಯಲ್ಲ, ಮರ್ಯಾದೆ. ದುಡ್ಡಿನ ಲೆಕ್ಕ ಅವರ ಕೈಗೆ ಯಾವತ್ತೂ ಬಂದಿರಲೇ ಇಲ್ಲ. ಬಲ್ಲಭಗಡದ ತಂಡ ಅದಕ್ಕಾಗಿ ಬೇರೆಯೇ ಪಟ್ಟಿ ಮಾಡಿತು: ಊಟ ಮಾಡಿದ್ದನ್ನು ಮರೆತು ಮತ್ತೆ ಕೇಳುತ್ತಾರಾ? ಊರೊಳಗೆ ದಾರಿ ತಪ್ಪುತ್ತಾರಾ? ದೊಡ್ಡ ಹಬ್ಬಗಳ ನೆನಪಿದೆಯಾ? ಇಂಥ ಪ್ರಶ್ನೆಗಳನ್ನು ಬರೆಯಲು ನರವಿಜ್ಞಾನ ಓದಿದ್ದರೆ ಸಾಲದು, ಕೂಡುಕುಟುಂಬದ ಹಗಲು ಹೇಗೆ ಕಳೆಯುತ್ತದೆಂಬುದೂ ಗೊತ್ತಿರಬೇಕು. ಹಿರಿಯರನ್ನು ನೋಡಿಕೊಳ್ಳುವವರ ಅನುಭವ ಪ್ರಯೋಗಾಲಯದೊಳಗೆ ಬರುವುದು ಈ ಬಾಗಿಲಿನಿಂದ.

ಸೊಸೆಯ ಮಾತನ್ನೂ ಹಾಗೇ ತೆಗೆದುಕೊಳ್ಳುವಂತಿಲ್ಲ. ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂದು ಕಾಯಿಲೆಯನ್ನು ಸಹಜವೆಂದು ತಳ್ಳಿಹಾಕುವ ಮನೆಗಳಿವೆ. ಜಗಳದ ಸಿಟ್ಟಿಗೆ ಇಲ್ಲದ್ದನ್ನೂ ಸೇರಿಸಿ ಹೇಳುವ ಮನೆಗಳೂ ಇವೆ. ಆದ್ದರಿಂದ ಕೊನೆಯ ತೀರ್ಮಾನ ವೈದ್ಯರದು: ಪರೀಕ್ಷೆಯ ಅಂಕ, ಮನೆಯವರ ಮಾತು, ಆರೋಗ್ಯದ ವಿವರ ಎಲ್ಲ ಒಟ್ಟಿಗಿಟ್ಟು 0, 0.5, 1, 2, 3 ಎಂಬ ಶ್ರೇಣಿ ಕೊಡುತ್ತಾರೆ. ಸೊನ್ನೆಯೆಂದರೆ ತೊಂದರೆ ಇಲ್ಲ, ಅರ್ಧವೆಂದರೆ ಅನುಮಾನ, ಮೂರೆಂದರೆ ತೀವ್ರ.

ಒಂದು ದೇಶ, ಎರಡು ಅಂಕಿ

ಬಲ್ಲಭಗಡದ ಫಲಿತಾಂಶ 1998ರಲ್ಲಿ ಬಂತು. 55 ದಾಟಿದ 5,126 ಮಂದಿಯನ್ನು ನೋಡಿದ್ದರು. 65 ದಾಟಿದವರಲ್ಲಿ ಡಿಮೆನ್ಷಿಯಾ ಇದ್ದದ್ದು ಶೇ 1.36 ಮಾತ್ರ. ಜಗತ್ತಿನಲ್ಲೇ ಅತಿ ಕಡಿಮೆ ಅಂಕಿಗಳಲ್ಲಿ ಒಂದು. ಅರಿಶಿನ ತಿನ್ನುವುದರಿಂದ ಭಾರತೀಯರಿಗೆ ಮರೆವು ಬರುವುದಿಲ್ಲ ಎಂಬ ಕಥೆಗೆ ರೆಕ್ಕೆ ಬಂದದ್ದು ಇಂಥ ಅಂಕಿಗಳಿಂದಲೇ.

2023ರಲ್ಲಿ ಲಾಸಿಯ ಜೊತೆಗೂಡಿದ ಇನ್ನೊಂದು ಅಧ್ಯಯನದ ಲೆಕ್ಕ ಬಂತು. ದೇಶದ ಬೇರೆ ಬೇರೆ ರಾಜ್ಯಗಳಿಂದ ಆರಿಸಿದ, 60 ದಾಟಿದ 4,096 ಮಂದಿಗೆ ದೀರ್ಘ ಪರೀಕ್ಷೆ ಮಾಡಿ, ತಜ್ಞರು ಆನ್‌ಲೈನಿನಲ್ಲಿ ಅವರಲ್ಲಿ ಹಲವರ ವಿವರ ನೋಡಿ ಶ್ರೇಣಿ ಕೊಟ್ಟಿದ್ದರು. ಬಂದ ಅಂದಾಜು ಶೇ 7.4, ಅಂದರೆ ಸುಮಾರು 88 ಲಕ್ಷ ಜನ. ಗಂಡಸರಲ್ಲಿ ಶೇ 5.8 ಇದ್ದರೆ ಹೆಂಗಸರಲ್ಲಿ ಶೇ 9; ಪಟ್ಟಣದಲ್ಲಿ ಶೇ 5.3 ಇದ್ದರೆ ಹಳ್ಳಿಯಲ್ಲಿ ಶೇ 8.4.

ಕಾಲು ಶತಮಾನದಲ್ಲಿ ಕಾಯಿಲೆ ಐದು ಪಟ್ಟು ಬೆಳೆಯಿತೇ? ಹಾಗೆ ಹೇಳಲು ಬರುವುದಿಲ್ಲ. ಒಂದು ಹರಿಯಾಣದ ಒಂದು ತಾಲ್ಲೂಕಿನದು, ಇನ್ನೊಂದು ದೇಶದ್ದು. ವಯಸ್ಸಿನ ಗಡಿ ಬೇರೆ, ಕಾಯಿಲೆ ಎನ್ನಲು ಹಾಕಿದ ಗೆರೆ ಬೇರೆ, ಪರೀಕ್ಷೆ ಬೇರೆ. ಮರೆವು ಬಂದವರು ಬೇಗ ತೀರಿಕೊಳ್ಳುವ ಕಡೆ, ಒಂದು ದಿನ ಎಣಿಸಿದಾಗ ಸಿಗುವವರ ಸಂಖ್ಯೆಯೂ ಕಡಿಮೆಯೇ. ಮನೆಯವರು ‘ದಿನದ ಕೆಲಸಕ್ಕೇನೂ ತೊಂದರೆ ಇಲ್ಲ’ ಎಂದರೆ ಕಟ್ಟುನಿಟ್ಟಿನ ಮಾನದಂಡ ಆ ವ್ಯಕ್ತಿಯನ್ನು ಕೈಬಿಡುತ್ತದೆ. ಬಡ ದೇಶಗಳಲ್ಲಿ ಹೀಗೆ ಕೈಬಿಟ್ಟವರು ಎಷ್ಟೆಂಬುದನ್ನು 10/66 ಎಂಬ ಸಂಶೋಧಕರ ಬಳಗ ತೋರಿಸಿತು. ಡಿಮೆನ್ಷಿಯಾ ಇರುವವರಲ್ಲಿ ಶೇ 66 ಮಂದಿ ಹಿಂದುಳಿದ ದೇಶಗಳಲ್ಲಿದ್ದರೂ ಅವರ ಮೇಲೆ ನಡೆದ ಸಂಶೋಧನೆ ಶೇ 10ಕ್ಕಿಂತ ಕಡಿಮೆ ಎಂಬುದನ್ನೇ ಹೆಸರಾಗಿ ಇಟ್ಟುಕೊಂಡ ಬಳಗ ಅದು. ಪತ್ರಿಕೆಯಲ್ಲಿ ‘ಇಷ್ಟು ಕೋಟಿ ಜನರಿಗೆ ಈ ಕಾಯಿಲೆ’ ಎಂದು ಕಂಡಾಗ, ಯಾರನ್ನು ಎಲ್ಲಿ ಹೇಗೆ ಕೇಳಿದರು ಎಂಬ ಪ್ರಶ್ನೆ ಆ ಕೋಟಿಗಿಂತ ಮುಖ್ಯ.

ಶಾಲೆ ಕಾಪಾಡುತ್ತದೆಯೇ, ಪಾಸು ಮಾಡಿಸುತ್ತದೆಯೇ?

ಓದಿದವರಲ್ಲಿ ಡಿಮೆನ್ಷಿಯಾ ಕಡಿಮೆ ಎಂದು ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ತಪ್ಪಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದಾಗ ಬಾಲ್ಯದಲ್ಲಿ ಓದು ಸಿಗದಿರುವುದನ್ನೂ ಅದರಲ್ಲಿ ಸೇರಿಸಿತು. ಆದರೆ ಮೇಲಿನ 22 ಅಂಕದ ಲೆಕ್ಕ ನೋಡಿದವರಿಗೆ ಅನುಮಾನ ಬರಲೇಬೇಕು: ಓದು ಮಿದುಳನ್ನು ಕಾಯುತ್ತದೆಯೋ, ಬರೀ ಪರೀಕ್ಷೆ ಪಾಸು ಮಾಡಿಸುತ್ತದೆಯೋ?

ಇದಕ್ಕೆ ಉತ್ತರ ಹುಡುಕಲು ಪರೀಕ್ಷೆಯನ್ನು ಬಿಟ್ಟು ಮಿದುಳನ್ನೇ ನೋಡಬೇಕು. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 1986ರಲ್ಲಿ ಶುರುಮಾಡಿದ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ಇಲ್ಲಿ ಅಪರೂಪದ್ದು. ಒಂದೇ ಸಂಘಕ್ಕೆ ಸೇರಿದ 678 ಸನ್ಯಾಸಿನಿಯರು ವರ್ಷವರ್ಷ ಪರೀಕ್ಷೆಗೆ ಕೂರಲು, ಸತ್ತ ಮೇಲೆ ಮಿದುಳನ್ನು ಕೊಡಲು ಒಪ್ಪಿದರು. ಊಟ, ವಸತಿ, ವೈದ್ಯಕೀಯ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಡತನ ಸಿರಿತನದ ಗೊಂದಲ ಕಡಿಮೆ. ಇಪ್ಪತ್ತರ ಆಸುಪಾಸಿನಲ್ಲಿ ಮಠ ಸೇರುವಾಗ ಅವರು ಬರೆದುಕೊಟ್ಟ ಆತ್ಮಕಥನಗಳು ಕಡತದಲ್ಲಿ ಉಳಿದಿದ್ದವು. ವಾಕ್ಯಗಳಲ್ಲಿ ವಿಚಾರ ತುಂಬಿ ಬರೆದವರಲ್ಲಿ ಆರು ದಶಕದ ನಂತರ ಡಿಮೆನ್ಷಿಯಾದ ಒಂದು ಬಗೆಯಾದ ಆಲ್‌ಝೈಮರ್ ಕಡಿಮೆ ಕಂಡಿತು. ಇನ್ನೂ ಅಚ್ಚರಿಯದು ಬೇರೆಯಿದೆ: ಕೆಲವರ ಮಿದುಳಿನಲ್ಲಿ ಕಾಯಿಲೆಯ ಗುರುತುಗಳು ಬೇಕಾದಷ್ಟು ಇದ್ದರೂ, ಬದುಕಿದ್ದಷ್ಟು ದಿನ ಅವರ ಬುದ್ಧಿ ಚುರುಕಾಗಿಯೇ ಇತ್ತು. ಕಾಯಿಲೆ ತಿಂದ ಮೇಲೂ ನಡೆಸಿಕೊಂಡು ಹೋಗುವ ಈ ಮೀಸಲು ಬಲ ಓದಿನಿಂದ, ಕೆಲಸದಿಂದ, ಮಾತುಕತೆಯಿಂದ ಕೂಡಿಬರುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ.

ಶಾಲೆಯೊಂದೇ ಅದರ ಮೂಲವಲ್ಲ ಎಂಬುದಕ್ಕೆ ನಮ್ಮ ಕಡೆಯ ಸಾಕ್ಷಿ ಇದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಉಳಿಯಿತು. ಪಶ್ಚಿಮದಲ್ಲಿ ಎರಡು ಭಾಷೆ ಬಲ್ಲವರು ಬಹುಪಾಲು ವಲಸೆ ಹೋದವರು. ಹಾಗಾಗಿ ಭಾಷೆಯ ಪರಿಣಾಮ ಯಾವುದು, ವಲಸೆಯದು ಯಾವುದು ಎಂದು ಬಿಡಿಸುವುದು ಅಲ್ಲಿ ಕಷ್ಟ. ಹುಟ್ಟಿದೂರಿನಲ್ಲೇ ಮೂರು ಭಾಷೆ ಆಡುವ ನಮ್ಮಂಥವರ ನಡುವೆ ಅದು ಸಾಧ್ಯ. ಆದರೂ ಇದು ಆಸ್ಪತ್ರೆಗೆ ಬಂದವರ ಲೆಕ್ಕ ಎಂಬುದನ್ನು ಮರೆಯಬಾರದು. ಯಾರು ಆಸ್ಪತ್ರೆಗೆ ಬೇಗ ಬರುತ್ತಾರೆ, ಯಾರು ತಡಮಾಡುತ್ತಾರೆ ಎಂಬುದಕ್ಕೆ ಬೇರೆ ಕಾರಣಗಳಿರಬಹುದು. ನಾಳೆಯಿಂದ ಅಜ್ಜನಿಗೆ ಫ್ರೆಂಚ್ ಕಲಿಸಿದರೆ ಕಾಯಿಲೆ ನಿಲ್ಲುತ್ತದೆ ಎಂದು ಇದರಿಂದ ಹೇಳಲಾಗದು.

ರಕ್ತದ ನಳಿಕೆಯಿಂದ ವರ್ಷಗಳ ಕಾಯುವಿಕೆಗೆ

ಜೀವವಿಜ್ಞಾನದ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ತೆಗೆದು ಐಸ್ ಡಬ್ಬಿಯಲ್ಲಿ ಸಾಗಿಸಿ, ಯಂತ್ರದಲ್ಲಿ ತಿರುಗಿಸಿ ಕಣಗಳನ್ನೂ ದ್ರವವನ್ನೂ ಬೇರೆ ಮಾಡುತ್ತಾರೆ. ಸಕ್ಕರೆ, ಕೊಬ್ಬು, ಬಿ12, ಥೈರಾಯ್ಡ್ ಅಂದಂದಿಗೇ ಗೊತ್ತಾಗುತ್ತವೆ. ಉಳಿದದ್ದು ಸಣ್ಣ ನಳಿಕೆಗಳಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಕೂರುತ್ತದೆ. ಇವತ್ತು ಇಲ್ಲದ ಪರೀಕ್ಷೆ ಹತ್ತು ವರ್ಷದ ನಂತರ ಬಂದಾಗ ಆ ಹಳೆಯ ರಕ್ತದಲ್ಲಿ ಹುಡುಕಬಹುದು. ಎಂಆರ್‌ಐ ಚಿತ್ರದಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ವರ್ಷದಿಂದ ವರ್ಷಕ್ಕೆ ಎಷ್ಟು ಕುಗ್ಗಿತೆಂದು ಅಳೆಯುತ್ತಾರೆ.

ನಿಜವಾದ ಉತ್ತರ ಬರುವುದು ಮರಳಿ ಮರಳಿ ಹೋದಾಗ. ಅಮೆರಿಕದ ಫ್ರಾಮಿಂಗ್‌ಹ್ಯಾಂ ಎಂಬ ಊರಿನಲ್ಲಿ 1948ರಲ್ಲಿ 5,209 ಮಂದಿಯಿಂದ ಶುರುವಾದ ಹೃದಯ ಅಧ್ಯಯನವೇ ಈ ಬಗೆಯವಕ್ಕೆಲ್ಲ ಮಾದರಿ. ಬಿಪಿ, ಕೊಲೆಸ್ಟರಾಲ್, ಬೀಡಿ ಸಿಗರೇಟು ಹೃದಯಕ್ಕೆ ಕೆಟ್ಟದ್ದೆಂದು ಇವತ್ತು ಹಳ್ಳಿಯ ಅಂಗಡಿಯಲ್ಲೂ ಮಾತಾಡುತ್ತೇವಲ್ಲ, ಅದರ ಬಹುಪಾಲು ಬಂದದ್ದು ಅಲ್ಲಿಂದ. ಕಾಯುವುದರ ತೊಂದರೆಯೂ ದೊಡ್ಡದು. ಕೆಲವರು ಮಗನ ಮನೆಗೆಂದು ಊರು ಬಿಡುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ, ನೆನಪು ಕುಂದಿದವರೇ ಮೊದಲು ಬರುವುದು ಬಿಡುತ್ತಾರೆ. ಉಳಿದವರನ್ನಷ್ಟೇ ನೋಡಿದರೆ ಊರೆಲ್ಲ ಆರೋಗ್ಯವಾಗಿರುವಂತೆ ಕಾಣುತ್ತದೆ. ಅದೇ ಪರೀಕ್ಷೆ ಎರಡನೇ ಸಲ ಕೊಟ್ಟಾಗ ಪ್ರಶ್ನೆ ಪರಿಚಯವಾಗಿ ಅಂಕ ಏರುವುದೂ ಉಂಟು.

ನೋಡುತ್ತ ಕೂತರೆ ಯಾವುದು ಯಾವುದರ ಜೊತೆಗಿದೆ ಎಂದು ತಿಳಿಯುತ್ತದೆ. ಯಾವುದರಿಂದ ಯಾವುದು ಎಂದು ಖಚಿತವಾಗುವುದಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಮರೆವು ಕಡಿಮೆ ಎಂದು ಇಂಥ ಅಧ್ಯಯನಗಳು ತೋರಿಸಿದ್ದವು. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಸಪ್ಪೆ ಗುಳಿಗೆ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ಫಲಿತಾಂಶ 2003ರಲ್ಲಿ ಬಂದಾಗ ತಲೆಕೆಳಗಾಯಿತು: 65 ದಾಟಿದವರಲ್ಲಿ ಎರಡು ಹಾರ್ಮೋನು ಸೇರಿದ ಮಾತ್ರೆ ಡಿಮೆನ್ಷಿಯಾದ ಅಪಾಯವನ್ನು ಇಮ್ಮಡಿ ಮಾಡಿತ್ತು. ಮಾತ್ರೆ ಕೊಳ್ಳಬಲ್ಲ ಹೆಂಗಸರು ಮೊದಲೇ ಓದಿದವರು, ಅನುಕೂಲಸ್ಥರು ಎಂಬುದೇ ಹಳೆಯ ಅಧ್ಯಯನಗಳನ್ನು ದಾರಿ ತಪ್ಪಿಸಿರಬೇಕು ಎಂಬುದು ಆಮೇಲೆ ಬಂದ ವಿವರಣೆ. ಮತ್ತೆ ಓದೇ ಅಡ್ಡ ಬಂತು.

ಔಷಧದ ಸುದ್ದಿ ಓದುವಾಗಲೂ ಸ್ವಲ್ಪ ಕೈ ಬಿಗಿ ಹಿಡಿಯಬೇಕು. ಲೆಕನೆಮ್ಯಾಬ್ ಎಂಬ ಔಷಧ ಆಲ್‌ಝೈಮರ್ ಕುಸಿತವನ್ನು ಶೇ 27ರಷ್ಟು ನಿಧಾನ ಮಾಡುತ್ತದೆ ಎಂಬ ಸುದ್ದಿ 2022ರಲ್ಲಿ ಎಲ್ಲ ಕಡೆ ಬಂತು. ಸುಳ್ಳಲ್ಲ. 1,795 ಮಂದಿಯ ಪ್ರಯೋಗದಲ್ಲಿ 18 ತಿಂಗಳ ನಂತರ, 18 ಅಂಕದ ಶ್ರೇಣಿಯಲ್ಲಿ ಸಪ್ಪೆ ಔಷಧದವರು 1.66ರಷ್ಟು ಕುಸಿದರೆ ಈ ಔಷಧದವರು 1.21ರಷ್ಟು ಕುಸಿದರು. ವ್ಯತ್ಯಾಸ 0.45. ಶೇ 27 ಎಂದಾಗ ಕಿವಿ ನೆಟ್ಟಗಾಗುತ್ತದೆ, ಹದಿನೆಂಟರಲ್ಲಿ ಅರ್ಧಕ್ಕೂ ಕಡಿಮೆ ಎಂದಾಗ ಅಷ್ಟಾಗುವುದಿಲ್ಲ. ಎರಡೂ ಒಂದೇ ಲೆಕ್ಕ. ಜೊತೆಗೆ ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವದ ಅಪಾಯವಿರುವುದರಿಂದ ಆಗಾಗ ಎಂಆರ್‌ಐ ಬೇಕು.

ಇದರ ಪಕ್ಕದಲ್ಲಿ ಗೋವಾದ ಒಂದು ಚಿಕ್ಕ ಪ್ರಯೋಗವನ್ನು ಇಡಲೇಬೇಕು. ನನ್ನ ಮಟ್ಟಿಗೆ ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಅಮಿತ್ ಡಯಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು. ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವ 81 ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಹೋಗಿ ಕಾಯಿಲೆ ಏನೆಂದು ತಿಳಿಸಿ, ಕಿರುಚಾಟ ಅಲೆದಾಟಗಳನ್ನು ಸಂಭಾಳಿಸುವುದು ಹೇಗೆಂದು ಹೇಳಿಕೊಟ್ಟರು. ಅವರ ಹಿಂದೆ ಮನೋವೈದ್ಯರಿದ್ದರು. ಆರು ತಿಂಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಸಂಕಟ ಎದ್ದು ಕಾಣುವಂತೆ ಇಳಿಯಿತು. ದುಬಾರಿ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಸುದ್ದಿಯಾಗಲೂ ಇಲ್ಲ.

ಹೆಬ್ಬೆಟ್ಟು ಒತ್ತುವ ಮೊದಲು

ಮನುಷ್ಯರ ಮೇಲೆ ನಡೆಯುವ ಯಾವ ವೈದ್ಯಕೀಯ ಸಂಶೋಧನೆಗೂ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಜನ. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ವೈದ್ಯರ ಜೊತೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ಏನೂ ಸಂಬಂಧವಿಲ್ಲದ ಸಾಮಾನ್ಯರೊಬ್ಬರು ಇರಬೇಕು. ಆ ಸಾಮಾನ್ಯರ ಕೆಲಸವೇ, ಒಪ್ಪಿಗೆ ಪತ್ರ ಓದಿ ‘ಇದು ನನಗೆ ಅರ್ಥವಾಗಲಿಲ್ಲ’ ಎನ್ನುವುದು.

ಮನೆಗೆ ಬಂದವರು ಮಾಹಿತಿ ಪತ್ರವನ್ನು ನಿಮ್ಮ ಭಾಷೆಯಲ್ಲಿ ಕೊಡಬೇಕು, ಒಂದು ಪ್ರತಿ ನಿಮ್ಮ ಹತ್ತಿರ ಬಿಡಬೇಕು. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ತಂಡಕ್ಕೆ ಸಂಬಂಧಪಡದ, ಓದು ಬಲ್ಲ ಒಬ್ಬರ ಎದುರು ಹೆಬ್ಬೆಟ್ಟು ಹಾಕಿಸಿಕೊಂಡು ಆ ಸಾಕ್ಷಿಯ ಸಹಿಯನ್ನೂ ಪಡೆಯಬೇಕು. ಮರೆವು ಮುಂದುವರಿದು ಸ್ವತಃ ತೀರ್ಮಾನಿಸಲಾಗದವರ ಪರವಾಗಿ ಕಾನೂನು ಒಪ್ಪುವ ಹತ್ತಿರದವರು ಒಪ್ಪಿಗೆ ಕೊಡಬಹುದು. ಹಾಗಿದ್ದರೂ ಸೂಜಿ ಕಂಡು ಅಜ್ಜಿ ಕೈ ಹಿಂದಕ್ಕೆಳೆದುಕೊಂಡರೆ ಅದನ್ನು ಬೇಡ ಎಂದೇ ಓದಬೇಕು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಆಸ್ಪತ್ರೆಯ ಚಿಕಿತ್ಸೆಗೆ ಅಡ್ಡಿಯಿಲ್ಲ. ಸಂಶೋಧನೆಯಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಹಕ್ಕು. ಬಸ್ ಚಾರ್ಜು, ಹೋದ ದಿನದ ಕೂಲಿ ಕೊಡಬಹುದು. ಇಲ್ಲವೆನ್ನಲಾರದಷ್ಟು ದುಡ್ಡಿನ ಆಸೆ ತೋರಿಸುವಂತಿಲ್ಲ.

ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ಸಕ್ಕರೆಯೋ ಬಿ12 ಕೊರತೆಯೋ ಕಂಡುಬಂದರೆ ನಮಗೆ ತಿಳಿಸುತ್ತೀರಾ, ಎಷ್ಟು ದಿನದಲ್ಲಿ? ಉಳಿಸಿದ ರಕ್ತವನ್ನು ಮುಂದೆ ಯಾರು, ಯಾವುದಕ್ಕೆ ಬಳಸಬಹುದು? ವಂಶವಾಹಿ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಮನೆಗೆ ಬರುವುದಿಲ್ಲ. ಎಪಿಒಇ ಎಂಬ ವಂಶವಾಹಿಯ ಒಂದು ರೂಪ ಆಲ್‌ಝೈಮರ್ ಅಪಾಯವನ್ನು ಹೆಚ್ಚಿಸುತ್ತದೆ, ಆದರೆ ಅದಿದ್ದವರಿಗೆಲ್ಲ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಔಷಧದ ಪ್ರಯೋಗವಾದರೆ ಭಾರತದ ಪ್ರಯೋಗ ನೋಂದಣಿ ಪಟ್ಟಿಯಲ್ಲಿ ಅದು ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. 2009ರಿಂದ ನೋಂದಣಿ ಕಡ್ಡಾಯ.

ಬಿಳಿ ಕೋಟು ಕಂಡ ತಕ್ಷಣ ಚಿಕಿತ್ಸೆ ಸಿಗುತ್ತದೆ ಎಂದುಕೊಳ್ಳುವುದು ಸಹಜ. ಇದು ಚಿಕಿತ್ಸೆಯಲ್ಲ, ಅಳೆಯಲು ಬಂದವರು ಅಳೆದುಕೊಂಡು ಹೋಗುತ್ತಾರೆ. ಹಿರಿಯರಿಗೆ ಈಚೆಗೆ ನಿಜವಾಗಿಯೂ ಮರೆವು ಕಂಡಿದ್ದರೆ ಯಾವ ಸಮೀಕ್ಷೆಗೂ ಕಾಯದೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆ, ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ ಮತ್ತು ಬಹಳಷ್ಟು ಸಲ ವಾಸಿಯಾಗುತ್ತವೆ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾಗಿದ್ದರೆ ಮೂತ್ರದ ಸೋಂಕಿನಂಥ ಕಾರಣವಿರಬಹುದು; ಅದು ಅದೇ ದಿನ ನೋಡಿಸಬೇಕಾದ ತುರ್ತು. ಹೋಗುವಾಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು ಚೀಟಿಯ ಸಮೇತ ಒಂದು ಕವರಿನಲ್ಲಿ ಹಾಕಿಕೊಳ್ಳಿ, ಕನ್ನಡಕ ಮರೆಯಬೇಡಿ, ದಿನವಿಡೀ ಅವರ ಜೊತೆ ಇರುವವರನ್ನೇ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ತಡೆಯಲಾಗದಂತಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.